ಮುತ್ಯಾನ ಅಣ್ಣ ಎರಡನೇ ಮಹಾಯುದ್ಧಕ್ಕ ಹೋದಾಂವ ಹೊಳ್ಳಿ ಬರಲಿಲ್ಲ, ಕಾಗದಪತ್ರ ಎಲ್ಲಿ ಹುಡಕೂದು?

ಚಿಕ್ಕೋಡಿ ಹುಡುಗ
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಚಿಕ್ಕೋಡಿ ತಾಲೂಕು, ಸದ್ಯ ಪುಣೆದಾಗ ಕೆಲಸ. ಮನಿತನದ ವಂಶಾವಳಿ ಬರದಿಡೂನು ಅಂತ ಶುರು ಮಾಡೇನಿ, ನಾಕ್ ತಲಿಮಾರು ಸಲೀಸಾಗಿ ಸಿಕ್ತು, ಮುತ್ಯಾನ ಅಣ್ಣನ ಹೆಸರಿಗೆ ಬಂದ ಮ್ಯಾಲ ಮುಂದ ಹೋಗವಲ್ದು. ಫೌಜಿಗೆ ಸೇರಿ ಯುದ್ಧಕ್ಕ ಹೋದ, ಬರಲಿಲ್ಲ, ಇಷ್ಟ. ಕಾಕಾ ಇಟಲಿ ಅಂತಾನ, ಸೋದರತ್ತಿ ಬಸ್ರಾ ಅಂತಾಳ, ಊರಾಗ ಒಬ್ಬ ಹಿರ್ಯಾರು ಜರ್ಮನ್ ಲಡಾಯಿ ಅಂತ ಹೇಳಿ ಸುಮ್ಮನಾದ್ರು. ಹೆಣ ಬರಲಿಲ್ಲ, ಊರಿಗೆ ಒಂದು ತಾರು ಬಂದಿತ್ತಂತ, ಅದೂ ಇಲ್ಲ. ಆತನ ಹೆಂಡ್ತಿ ಒಬ್ಬಾಕಿ ಇದ್ಲು, ಎಲ್ಲಾರೂ ದೊಡ್ಡಾಯಿ ಅಂತಿದ್ರು, ಮಕ್ಕಳಿಲ್ಲ, ಆಮ್ಯಾಲ ತವರಮನಿಗೆ ಹೋದ್ಲಂತ, ಖರೇ ಹೆಸರು ಏನು ಅಂದ್ರ ಮನ್ಯಾಗ ಒಬ್ಬರಿಗೂ ನೆನಪಿಲ್ಲ. ಟ್ರಂಕಿನ್ಯಾಗ ಒಂದು ಚುಕ್ಕಿ ಆಕಾರದ ಮೆಡಲ್, ಒಂದು ದುಂಡಗಿಂದು ಅದಾವು, ಎರಡೂ ಕರ್ರಗಾಗ್ಯಾವು. ಇದರ ಮ್ಯಾಲ ಏನರ ಗೊತ್ತಾಗತೈತೇನ್ರಿ?

ಮಾಜಿ ಹವಾಲ್ದಾರ
ಜೈ ಹಿಂದ್. ತಮ್ಮಾ, ಮೊದಲ ಒಂದ ಮಾತು, ಆ ಮೆಡಲ್ ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಬ್ಯಾಡ. ನಮ್ಮ ಮಂದಿ ದಸರಾಕ್ಕ ದೇವರ ಸಾಮಾನ ಜೋಡಿ ಮೆಡಲ್ಲೂ ಬೆಳಗತಾರ, ವರ್ಷಾನಗಟ್ಲೆ ಹಂಗ ತಿಕ್ಕಿ ತಿಕ್ಕಿ ಅಂಚಿನ ಅಕ್ಷರ ಅಳಸಿ ಹೋಗಿರತಾವು, ಬೇಕಾದ್ದು ಇರೂದು ಅಲ್ಲೇ. ದುಂಡನ ಮೆಡಲ್ ಇದ್ರ ಅದರ ಅಂಚು ನೋಡು, ಚುಕ್ಕಿದು ಇದ್ರ ತಿರುಗಿಸಿ ಹಿಂದಿನ ಮೈ ನೋಡು. ಎರಡನೇ ಯುದ್ಧದ ಮೆಡಲ್ ಬ್ರಿಟನ್ನಿನ ಸೋಲ್ಜರ್‌ಗಳಿಗೆ ಕೊಟ್ಟದ್ರ ಮ್ಯಾಲ ಹೆಸರು ಹಾಕತಿರಲಿಲ್ಲ, ನಮ್ಮ ಇಂಡಿಯನ್ ಆರ್ಮಿಗೆ ಕೊಟ್ಟದ್ರ ಮ್ಯಾಲ ನಂಬರ್, ರ‍್ಯಾಂಕ್, ಹೆಸರು, ಪಲ್ಟನ್ ಎಲ್ಲಾ ಹೊಡದಿರತಾರ. ಮೊಬೈಲಿನ ಟಾರ್ಚ್ ಅಡ್ಡ ಹಿಡಿ, ಮ್ಯಾಲಿಂದ ಬೆಳಕು ಬಿಟ್ರ ಏನೂ ಕಾಣಂಗಿಲ್ಲ, ಬಾಜೂಕಿಂದ ಬಿಟ್ರ ಅಕ್ಷರದ ನೆರಳು ಏಳತೈತಿ. ಇನ್ನ ಚುಕ್ಕಿ ನಡುವ ಒಂದು ವರ್ತುಲ ಇರತೈತಿ, ಅದರಾಗ ಯಾವ ಸ್ಟಾರ್ ಅಂತ ಬರದಿರತೈತಿ, ಆಫ್ರಿಕಾ, ಇಟಲಿ, ಬರ್ಮಾ ಹಿಂಗ. ಓದಿ ಹೇಳು.

ಚಿಕ್ಕೋಡಿ ಹುಡುಗ
ಅಣ್ಣಾರ, ಕಾಕಾಗ ವಿಡಿಯೋ ಕಾಲ್ ಮಾಡಿ ಟಾರ್ಚ್ ಹಿಡಿಸಿದೆ. ವರ್ತುಲದಾಗ ಇಟಲಿ ಸ್ಟಾರ್ ಅಂತ ಐತಿ, ರಿಬ್ಬನ್ ಕೆಂಪು ಬಿಳಿ ಹಸಿರು. ಹಿಂದ ನಂಬರ್ ಐತಿ, ಒಂದು ಅಂಕಿ ಮೂರೋ ಎಂಟೋ ತಿಳೀವಲ್ದು, ಆಮ್ಯಾಲ ಸಿಪಾಯಿ ಅಂತ ಇಂಗ್ಲೀಷಿನ್ಯಾಗ ಮೂರಕ್ಷರ, ಹೆಸರು ಬರೇ ಒಂದ, ಅಡ್ಡಹೆಸರು ಇಲ್ಲ, ಕಡೀಕ ಮರಾಠಾ ಎಲ್‌ಐ (ಲೈಟ್ ಇನ್‌ಫಂಟ್ರಿ). ಕಾಕಾ ಅಂತೂ ನಾ ಹೇಳಿದ್ದೆ ಇಟಲಿ ಅಂತ ಅಂದು ಕುಣೀಲಿಕ್ಹತ್ಯಾನ.

ಬೈಲಹೊಂಗಲ ಅಕ್ಕ
ಅಷ್ಟಿದ್ರ ಅರ್ಧಾ ಕೆಲಸ ಆತು ತಮ್ಮಾ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಐತಿ, 1917ರಾಗ ಸುರು ಆದದ್ದು, ಎರಡೂ ಮಹಾಯುದ್ಧದಾಗ ತೀರಿಕೊಂಡವರ ಪಟ್ಟಿ ಅವರ ವೆಬ್‌ಸೈಟಿನ್ಯಾಗ ಬಿಟ್ಟಿ ಸಿಗತೈತಿ. ಹೆಸರು ಹಾಕಿ ಹುಡುಕಬ್ಯಾಡ, ನಂಬರ್ ಹಾಕಿ ಹುಡುಕು. ನಮ್ಮ ಹೆಸರು ಆ ಕಾಲದ ಇಂಗ್ಲೀಷ್ ಕ್ಲರ್ಕ್ ಕಿವಿಗೆ ಬಿದ್ದಂಗ ಬರದಾರ, ಬಸಪ್ಪಗ ಏಳು ನಮೂನಿ ಸ್ಪೆಲಿಂಗ್ ಅದಾವು. ಮೂರು ಹಾಕಿ ಒಮ್ಮೆ, ಎಂಟು ಹಾಕಿ ಒಮ್ಮೆ ನೋಡು, ತಪ್ಪು ನಂಬರಿಗೆ ಬ್ಯಾರೆ ಪಲ್ಟನ್ನಿನ ಮನಶ್ಯಾ ಬರತಾನ, ಗೊತ್ತಾಗಿಬಿಡತೈತಿ.

ಮತ್ತ ಊರಿನ ವಿಚಾರ. ಆಗಿನ ತಾಲೂಕಿನ ಹೆಸರು ಈಗಿನದಲ್ಲ. ನಮ್ಮ ಬೈಲಹೊಂಗಲ ಆಗ ಸಂಪಗಾಂವ ತಾಲೂಕು, ಸವದತ್ತಿ ಪರಸಗಡ ತಾಲೂಕು. ನಮ್ಮ ಆಯಿಯ ಕಾಕಾ ಒಬ್ಬಾತ ಮೊದಲನೇ ಯುದ್ಧಕ್ಕ ಹೋಗಿ ಸತ್ತಿದ್ದ, ನಾ ಬೈಲಹೊಂಗಲ ಅಂತ ಹಾಕಿ ಹುಡುಕಿದಾಗೆಲ್ಲಾ ಸೊನ್ನಿ, ಸಂಪಗಾಂವ ಅಂತ ಹಾಕಿದ ಕೂಡಲೆ ಬಂದ. 103ನೇ ಮರಾಠಾ ಪಲ್ಟನ್, ಇರಾಕಿನ ಬಸ್ರಾ ಮೆಮೋರಿಯಲ್. ಮನ್ಯಾಗ ಆತ ಉಪವಾಸ ಸತ್ತ ಅಂತ ಒಂದು ಮಾತಿತ್ತು, ನಮಗ ಅರ್ಥಾನ ಆಗಿರಲಿಲ್ಲ, ಫೌಜಿನ್ಯಾಗ ಇದ್ದಾಂವ ಉಪವಾಸ ಯಾಕ ಸಾಯತಾನ ಅಂತ. ಇತಿಹಾಸ ಓದಿದ ಮ್ಯಾಲ ತಿಳೀತು, ಇರಾಕಿನ ಕುತ್ ಅನ್ನೂ ಊರಾಗ 1915ರ ಡಿಸೆಂಬರಿಂದ 1916ರ ಏಪ್ರಿಲ್ 29ರ ತನಕ ತುರ್ಕರು ನಮ್ಮ ದಂಡನ್ನ ಸುತ್ತಗಟ್ಟಿದ್ರು, 103, 110, 117 ಮೂರೂ ಮರಾಠಾ ಪಲ್ಟನ್ ಒಳಗ ಸಿಕ್ಕೊಂಡಿದ್ವು. ಕಾಳು ಮುಗದು ಕುದರಿ ಕಡದು ತಿನ್ನೂ ಹೊತ್ತು ಬಂತು, ನಮ್ಮವರು ಭಾಳ ಮಂದಿ ಧರ್ಮಾ ಬಿಟ್ಟು ತಿನ್ನೂದಿಲ್ಲ ಅಂತ ಬಾಯಿ ಕಟ್ಟಿ ಕುಂತ್ರು, ಬ್ಯಾನಿ ಬಿದ್ದು ಸತ್ರು. ಸೋತು ಶರಣಾದ ಮ್ಯಾಲ ಉಳದವರನ್ನ ಬಿಸಲಾಗ ಮರಳಗಾಡಿನ್ಯಾಗ ನಡಿಸಿಕೊಂಡು ಹೋಗಿ ರಾಸ್ ಅಲ್ ಐನ್ ಅನ್ನೂ ಕಡೆ ರೈಲ್ವೆ ಹಳಿ ಹಾಕೂ ಕೆಲಸಕ್ಕ ಹಚ್ಚಿದ್ರು. ನಮ್ಮಾತ ಯಾವದರಾಗ ಹೋದ ಅಂತ ತಾರೀಖು ನೋಡಿದ್ರ ತಿಳೀತು, ಮುತ್ತಿಗಿ ಮುಗದ ಮ್ಯಾಲ, ಅಂದ್ರ ಕೈದಿ ಆಗಿ.

ಇನ್ನೊಂದು ಹೇಳ್ತೀನಿ ಸಿಟ್ಟು ಬರೂ ಮಾತು. ಬಸ್ರಾ ಮೆಮೋರಿಯಲ್ ಗೋಡಿ ಮ್ಯಾಲ ನಲವತ್ತು ಸಾವಿರಕ್ಕಿಂತ ಹೆಚ್ಚು ಮಂದಿ ಲೆಕ್ಕ ಐತಿ, ಗೋರಾ ಸೋಲ್ಜರ್‌ಗಳಿಗೆ ಹೆಸರು, ನಮ್ಮ ಸಿಪಾಯಿಗಳಿಗೆ ಪಲ್ಟನ್ ಹೆಸರು ಬರದು ಮುಂದ ಇಷ್ಟು ಮಂದಿ ಅಂತ ಬರೇ ಅಂಕಿ. 2021ರಾಗ ಆ ಕಮಿಷನ್ನಿನವರ ತಾವ ಒಂದು ರಿಪೋರ್ಟ್ ತಗದು ಒಪ್ಪಿಕೊಂಡ್ರು, ಕಡಿಮಿ ಅಂದ್ರೂ 1,16,000 ಮಂದಿ, ಆಫ್ರಿಕಾದವರು ಬಹುಪಾಲು, ಮತ್ತ ನಮ್ಮ ಕಡೆಯವರೂ, ಹೆಸರಿಲ್ಲದ ಅಥವಾ ಏನೂ ಗುರುತಿಲ್ಲದ ಉಳದಾರ ಅಂತ. ನೂರು ವರ್ಷ ಹಿಡೀತು ಅಷ್ಟಕ್ಕ.

ನೇರ ಮಾತು
ಒಂದು ಪ್ರಶ್ನೆ ಕೇಳ್ತೀನಿ, ಬೇಜಾರ ಆಗಬ್ಯಾಡ್ರಿ. ಕಿತ್ತೂರ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣನ ಜಿಲ್ಲಾದವರು ನಾವು. ಬ್ರಿಟಿಷರ ಸಲುವಾಗಿ ಬಂದೂಕು ಹಿಡದು ಇರಾಕ್ ಇಟಲಿಯೊಳಗ ಸತ್ತವರನ್ನ ಈಗ ಹುಡುಕಿ ಹಾರ ಹಾಕೂದರಾಗ ಏನು ಅರ್ಥ ಐತಿ? 1942ರಾಗ ಊರಾಗ ಚಳವಳಿ ಮಾಡಿ ಜೈಲಿಗೆ ಹೋದವರನ್ನ ಯಾರೂ ಹುಡಕಂಗಿಲ್ಲ.

ಜವಾರಿ ಮಂದಿ
ಹಾರ ಯಾರು ಹಾಕ್ಲಿಕ್ಹತ್ಯಾರ್ರಿ ಇಲ್ಲಿ? ಆ ಹುಡುಗ ತನ್ನ ಮನಿ ಮನಶ್ಯಾ ಎಲ್ಲಿ ಸತ್ತ ಅಂತ ಕೇಳ್ಯಾನ. ಮೊದಲನೇ ಯುದ್ಧದಾಗ ಸಿಪಾಯಿ ಪಗಾರ ತಿಂಗಳಿಗೆ 11 ರೂಪಾಯಿ, ಮಳಿ ಇಲ್ಲದ ವರ್ಷ ಬಿಜಾಪುರ ಕಡೆ ಹನ್ನೊಂದು ರೂಪಾಯಿ ಅಂದ್ರ ಒಂದು ಮನಿ ಹೊಟ್ಟಿ. ನಮ್ಮಪ್ಪನ ಮುತ್ಯಾ ದೇಶಭಕ್ತೀಲಿಂದೂ ಹೋಗಲಿಲ್ಲ, ದ್ರೋಹದಿಂದೂ ಹೋಗಲಿಲ್ಲ, ಹೊಲ ಸಾವಕಾರನ ಕಡೆ ಬಿದ್ದಿತ್ತು, ಬಿಡಿಸ್ಲಿಕ್ಕೆ ಹೋದ. ಮತ್ತ ನಮ್ಮ ಮನ್ಯಾಗ ಇನ್ನೊಬ್ಬಾತ 42ರಾಗ ಅಂಚಿಪೆಟ್ಟಿಗಿ ಸುಟ್ಟ ಕೇಸಿನ್ಯಾಗ ಹಿಂಡಲಗಾ ಜೈಲಿನ್ಯಾಗಿದ್ದ. ಇಬ್ಬರೂ ಒಂದ ವಂಶಾವಳಿ ಒಳಗ ಅದಾರ, ಒಬ್ಬಾತನ್ನ ಬರದು ಇನ್ನೊಬ್ಬಾತನ್ನ ಬಿಡ್ಲೇನು?

ನೇರ ಮಾತು
ಇಬ್ಬರನ್ನೂ ಬರೀರಿ ಅಂತನ ನಂದೂ. ಒಬ್ಬಾತನ್ನಷ್ಟ ಬರೀತಾರಲ್ಲ ಅದಕ್ಕ ಅಂದೆ.

ಅಥಣಿ ಕೇರಿ
ಯಾರನ್ನ ಬರೀತಾರ ಯಾರನ್ನ ಬಿಡತಾರ ಅಂತ ಮಾತು ಬಂತು, ಅದಕ್ಕ ಹೇಳ್ತೀನಿ. ಎಲ್ಲಾರೂ ಬೆಳಗಾವಿ ಅಂದ ಕೂಡಲೆ ಮರಾಠಾ ಲೈಟ್ ಇನ್‌ಫಂಟ್ರಿ ಅಂತಾರ, ಸರಿ, ಅವರ ಸೆಂಟರ್ ಇಲ್ಲೇ ಐತಿ. ಆದ್ರ ಮಹಾರ್ ರೆಜಿಮೆಂಟಿನ ಮೊದಲನೇ ಬೆಟಾಲಿಯನ್ 1941ರ ಅಕ್ಟೋಬರ್ 1ಕ್ಕ ಇದ ಬೆಳಗಾವ್ಯಾಗ ಕಟ್ಟಿದ್ದು ಅಂತ ಎಷ್ಟ ಮಂದಿಗೆ ಗೊತ್ತೈತಿ? ಅದಕ್ಕಿಂತ ಮೊದಲ 1917ರಾಗ 111ನೇ ಮಹಾರ್ ಅಂತ ಒಂದು ಪಲ್ಟನ್ ಮಾಡಿದ್ರು, ಯುದ್ಧ ಮುಗೀತು, ಕೆಲಸ ಮುಗೀತು, 1921ರಾಗ ಬರಖಾಸ್ತ್. ಬಾಬಾಸಾಹೇಬರು ಈ ಅನ್ಯಾಯದ ಮ್ಯಾಲ ಪಟ್ಟು ಹಿಡದು ಕೇಳಿದ್ರು. ನಮ್ಮ ಕೇರಿಯಿಂದ ಹೋದವರ ಕತಿ ಹಾಡಿನ್ಯಾಗ ಐತಿ, ಕಾಗದದಾಗ ಇಲ್ಲ.

ನಮ್ಮ ತ್ರಾಸು ಬ್ಯಾರೇನ ಐತಿ. ಮುತ್ಯಾ ಫೌಜಿನ್ಯಾಗ ಒಂದು ಹೆಸರಿಲೆ ಸೇರಿದ, ಶಾಲಿ ರಜಿಸ್ಟರಿನ್ಯಾಗ ಅಪ್ಪನ ಅಡ್ಡಹೆಸರು ಬ್ಯಾರೆ, ಮುಂಬೈಕ ಹೋದ ಕಾಕಾ ಊರ ಹೆಸರಿಗೆ ‘ಕರ’ ಅಂತ ಹಚ್ಚಿಕೊಂಡು ಮೂರನೇ ಅಡ್ಡಹೆಸರು ಮಾಡಿಕೊಂಡ. ಮೂರೂ ಒಂದ ಮನಿ ಅಂತ ತೋರಿಸ್ಲಿಕ್ಕೆ ನಾ ಹಿಡದದ್ದು ಶಾಲಿ ಜನರಲ್ ರಜಿಸ್ಟರ್. ಹಳೇ ಕನ್ನಡ ಗಂಡಮಕ್ಕಳ ಶಾಲಿ ಅಂತ ಪ್ರತಿ ಊರಾಗೂ ಇರತೈತಿ, ಬ್ರಿಟಿಷರ ಕಾಲದ ರಜಿಸ್ಟರ್ ಹೆಡ್‌ಮಾಸ್ತರರ ಕಪಾಟಿನ್ಯಾಗ ಅದಾವು, ಹುಡುಗನ ಹೆಸರು, ಅಪ್ಪನ ಹೆಸರು, ಅಪ್ಪನ ಕಸಬು ಬರದಿರತಾರ. ನಮ್ಮಪ್ಪನ ಮುಂದ ಕಸಬಿನ ಕಾಲಮ್ಮಿನ್ಯಾಗ ಲಷ್ಕರ ಅಂತ ಐತಿ. ಆ ಒಂದು ಶಬ್ದ ಹಿಡಕೊಂಡ ಮುಂದಿನ ಎಲ್ಲಾ ಸಿಕ್ಕಿತು.

ಇಂಡಿ ಲಿಂಬಿ
71ರ ಯುದ್ಧದಾಗ ನಮ್ಮ ಮಾಮಾ ಒಬ್ಬರು ಹುತಾತ್ಮ ಆಗ್ಯಾರ, ಅವರದೂ ಇದರಾಗ ಬರತೈತೇನ್ರಿ?

ಮಾಜಿ ಹವಾಲ್ದಾರ
ಇಲ್ಲಮ್ಮಾ, ಅದು ಬ್ಯಾರೆ ದಾರಿ. ಸ್ವಾತಂತ್ರ್ಯ ಬಂದ ಮ್ಯಾಲಿನವರದು ದಿಲ್ಲಿಯೊಳಗ ರಾಷ್ಟ್ರೀಯ ಯುದ್ಧ ಸ್ಮಾರಕ ಐತಿ, 2019ರ ಫೆಬ್ರವರಿ 25ಕ್ಕ ಉದ್ಘಾಟನೆ ಆತು, ತ್ಯಾಗ ಚಕ್ರದ ಕಲ್ಲಿನ ಮ್ಯಾಲ ಇಪ್ಪತ್ತೈದು ಸಾವಿರಕ್ಕಿಂತ ಹೆಚ್ಚು ಹೆಸರು. ಅವರ ವೆಬ್‌ಸೈಟಿನ್ಯಾಗ ಹೆಸರು ಹಾಕಿ ನೋಡು. ಶೌರ್ಯ ಪದಕ ಬಂದಿದ್ರ ರಕ್ಷಣಾ ಇಲಾಖೆ ಬ್ಯಾರೆ ವೆಬ್‌ಸೈಟ್ ಮಾಡೈತಿ, ಅಲ್ಲಿ ಏನು ಮಾಡಿದ್ದಕ್ಕ ಕೊಟ್ರು ಅಂತ ಪೂರಾ ಬರದಿರತಾರ. ಇಂಡಿಯಾ ಗೇಟಿನ ಮ್ಯಾಲ ಹುಡುಕಬ್ಯಾಡ, ಅದು ಮೊದಲನೇ ಮಹಾಯುದ್ಧದ್ದು ಮತ್ತ 1919ರ ಅಫಘಾನ್ ಲಡಾಯಿದು.

ತಲಾಟಿ ಮಗ
ಜಮಖಂಡಿ, ಮುಧೋಳ, ರಾಮದುರ್ಗ ಕಡೆಯವರು ಯಾರರ ಇದ್ರ ಕೇಳ್ರಿ, 1948ರ ತನಕ ಇವೆಲ್ಲಾ ಸಂಸ್ಥಾನ. ಇಂಗ್ಲೀಷ್ ರೆಕಾರ್ಡಿನ್ಯಾಗ ಜಮಖಂಡಿ ಸ್ಟೇಟ್ ಅಂತ ಇರತೈತಿ, ಬಿಜಾಪುರ ಜಿಲ್ಲಾ ಅಂತ ಹುಡುಕಿದ್ರ ಜನ್ಮದಾಗ ಸಿಗಂಗಿಲ್ಲ. ಬಾಗಲಕೋಟಿ ಜಿಲ್ಲಾ ಅಂತೂ 1997ರಾಗ ಆಗಿದ್ದು, ಅದನ್ನ ಹಾಕಲೇಬ್ಯಾಡ್ರಿ.

ಇನ್ನ ಊರಾಗಿನ ಕಾಗದ. ಸತ್ತ ತಾರೀಖು ಗೊತ್ತಿಲ್ಲದಿದ್ರ ವಾರ್ಸಾ ಡೈರಿ ತಗಸ್ರಿ. ಇಂಥಾವ ಇಂಥಾ ವರ್ಷ ಮಯತ ಆಗ್ಯಾನ, ವಾರಸದಾರರು ಇಂಥಾವ್ರು ಅಂತ ಉತಾರದಾಗ, ಅಂದ್ರ ಹೊಲದ ಪಹಣಿಯೊಳಗ, ಹೆಸರು ಬದಲಾಗೂ ಮುಂದ ನೋಂದ ಮಾಡಿರತಾರ. ಸರ್ವೆ ನಂಬರ್ ಗೊತ್ತಿದ್ರ ತಹಶೀಲ್ದಾರ ಆಫೀಸಿನ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿದ್ರ ನಕಲು ಸಿಗತೈತಿ. ಭಾಳ ಹಳೇದಿದ್ರ ಮೋಡಿ ಅಂತ ಮರಾಠಿ ಬರೀತಿದ್ದ ಹಳೇ ಲಿಪಿಯೊಳಗ ಇರತೈತಿ, ಅದನ್ನ ಓದಾವ್ರು ಬೆಳಗಾವಿ ಕಡೆ ಇನ್ನೂ ಅದಾರ, ರೊಕ್ಕಾ ತಗೊಂಡು ಓದಿ ಕೊಡತಾರ. ಮೊದಲ ಒಂದು ಪಾನಿನ ಫೋಟೋ ಕಳಿಸಿ ಓದಿಸಿ ನೋಡಿ ಆಮ್ಯಾಲ ಪೂರಾ ಕೊಡ್ರಿ, ಕೆಲವರು ತಿಳದಷ್ಟು ಓದಿ ಉಳದದ್ದು ಕಟ್ಟಿ ಹೇಳತಾರ.

ಚಿಕ್ಕೋಡಿ ಹುಡುಗ
ಸಿಕ್ತ್ರೀ!! ಎಂಟು ಹಾಕಿದೆ, ಸಿಕ್ತು. ಕೈ ನಡಗಾಕತ್ತಾವು ಟೈಪ್ ಮಾಡ್ಲಿಕ್ಕೆ.

ಸಿಪಾಯಿ, 5ನೇ ಮರಾಠಾ ಲೈಟ್ ಇನ್‌ಫಂಟ್ರಿ, 1943ರ ಡಿಸೆಂಬರ್, ವಯಸ್ಸು 22. ಸಾಂಗ್ರೋ ರಿವರ್ ಕ್ರಿಮೇಶನ್ ಮೆಮೋರಿಯಲ್, ಇಟಲಿ. ಕೆಳಗ ಒಂದು ಸಾಲು, ಇಂಥಾವನ ಮಗ, ಇಂಥಾಕಿ ಗಂಡ, ನಮ್ಮೂರ ಹೆಸರು, ಚಿಕ್ಕೋಡಿ, ಬೆಳಗಾಂವ. ನಮ್ಮೂರಿನ ಸ್ಪೆಲಿಂಗ್ ನೋಡಿದ್ರ ಯಾವದೋ ಪೋರ್ಚುಗೀಸ್ ಊರ ಇದ್ದಂಗೈತಿ, ಆದ್ರ ಅಪ್ಪನ ಹೆಸರು ಬರೋಬರಿ. ಮತ್ತ ಆಕಿ ಹೆಸರು. ದೊಡ್ಡಾಯಿ ಹೆಸರು ಅದರಾಗ ಐತ್ರಿ. ಇಲ್ಲಿ ಹಾಕಂಗಿಲ್ಲ, ಮನ್ಯಾಗ ಕೇಳಿಲ್ಲ ಇನ್ನೂ.

ಬೈಲಹೊಂಗಲ ಅಕ್ಕ
ಭಾಳ ಛಲೋ ಆತು ತಮ್ಮಾ. ಸಾಂಗ್ರೋ ಅಂದ್ರ ಅದು ಹೊಳಿ ಹೆಸರು, ಇಟಲಿಯ ಪೂರ್ವ ದಂಡಿಗೆ. 43ರ ನವೆಂಬರಿನ್ಯಾಗ 8ನೇ ಇಂಡಿಯನ್ ಡಿವಿಜನ್ ಮಳಿ ರಾಡಿಯೊಳಗ ಆ ಹೊಳಿ ದಾಟಿತು, ಮರಾಠಾ ಒಂದನೇ ಬೆಟಾಲಿಯನ್ ಆ ಡಿವಿಜನ್ನಿನ್ಯಾಗಿತ್ತು. ಅಲ್ಲಿ ಸ್ಮಶಾನದಾಗ ಬ್ಯಾರೆ ಒಂದು ಕಟ್ಟಡ ಮಾಡ್ಯಾರ, ದಹನ ಮಾಡಿದ ಐನೂರಕ್ಕಿಂತ ಹೆಚ್ಚು ಭಾರತೀಯ ಸೈನಿಕರ ಹೆಸರು ಅದರ ಮ್ಯಾಲ ಅದಾವು. ಅಂದ್ರ ಬಸ್ರಾದಂಗ ಅಲ್ಲ, ಇವನ ಹೆಸರು ಕಲ್ಲಿನ ಮ್ಯಾಲ ಐತಿ. ನಿಮ್ಮ ಸೋದರತ್ತಿಗೆ ಇದನ್ನ ಹೇಳು, ಹೆಣ ಎಲ್ಲೋ ಬಿದ್ದು ಹೋಗಿಲ್ಲ, ಸಂಸ್ಕಾರ ಆಗೈತಿ.

ಚಿಕ್ಕೋಡಿ ಹುಡುಗ
ಹೇಳಿದೆ ಅಕ್ಕಾ, ಅತ್ತಳು. ಪ್ರತಿ ವರ್ಷ ಪಿತೃಪಕ್ಷದಾಗ ಎಡಿ ಇಡೂ ಮುಂದ ಆತಂದು ಯಾವ ದಿನ ಅಂತ ಗೊತ್ತಿಲ್ಲದ ಅಮಾಸಿಗೆ ಇಡತಿದ್ವಿ. ಈಗ ಪಂಚಾಂಗ ನೋಡಿ 43ರ ಆ ತಾರೀಖಿಗೆ ಯಾವ ತಿಥಿ ಇತ್ತು ಅಂತ ಭಟ್ಟರಿಗೆ ಕೇಳ್ಲಿಕ್ಹತ್ಯಾಳ.

ಘಟಪ್ರಭಾ ದಂಡಿ
ನಾ ಇಲ್ಲೀತನಕ ಸುಮ್ಮ ಓದಾಕತ್ತಿದ್ದೆ, ದೊಡ್ಡಾಯಿ ಹೆಸರು ಫೌಜಿನ ರೆಕಾರ್ಡಿನ್ಯಾಗ ಸಿಕ್ತು ಅಂದ ಮ್ಯಾಲ ಬರೀಲೇಬೇಕಾತು, ಯಾಕಂದ್ರ ನಮ್ಮ ಮನಿತನದ್ದು ಇದರ ಉಲ್ಟಾ ಐತಿ. ನಮ್ಮದು ಬಾಗಲಕೋಟಿ ಕಡೆ, ನಮ್ಮ ಮನಿಗೆ ಹೆಳವರು ಬರತಾರ. ಇವತ್ತಿಗೂ ಬರತಾರ, ಸುಗ್ಗಿ ಮುಗದ ಮ್ಯಾಲ, ಮೊದಲ ಎತ್ತಿನ ಮ್ಯಾಲ ಗಂಟಿ ಬಾರಿಸ್ಕೋತ ಬರತಿದ್ರು, ಈಗ ಬೈಕಿನ್ಯಾಗ ಬರತಾರ, ಆದ್ರ ಪುಸ್ತಕ ಅದ. ಬಂದು ಕಟ್ಟಿ ಮ್ಯಾಲ ಕುಂತು ಮನಿತನದ ಮೂಲ ಯಾವ ಊರು, ಬೆಡಗು ಯಾವದು, ಮೊದಲ ಯಾರು ಬಂದ, ಅವನಿಗೆ ಎಷ್ಟ ಮಕ್ಕಳು, ಅಲ್ಲಿಂದ ಸುರು ಮಾಡಿ ನಿನ್ನೆ ಹುಟ್ಟಿದ ಕೂಸಿನ ತನಕ ಒಂದ ಉಸರಿನ್ಯಾಗ ಓದತಾರ, ಹೊಸಾ ಹೆಸರು ಬರಕೋತಾರ, ಜ್ವಾಳ, ಅರವಿ, ಅನುಕೂಲ ಇದ್ದವರು ಆಕಳ ಕರ ಕೊಡತಾರ. ನಮ್ಮ ಪಣಜ್ಜನ ತಮ್ಮ ಒಬ್ಬಾತ ಅಂತ ನಮಗ ಗೊತ್ತೇ ಇರಲಿಲ್ಲ, ಹೆಳವಪ್ಪ ಓದಿದಾಗ ತಿಳೀತು, ದಂಡಿಗೆ ಹೋದಾಂವ, ಸಂತಾನ ಇಲ್ಲ, ಅಂತ ಎರಡ ಮಾತು. ಕೇಳಿದ್ರ ಹೆಳವಪ್ಪ ಅಂದ, ನಮ್ಮಪ್ಪ ಹಂಗ ಬರದಾನ, ನಾ ಹಂಗ ಓದತೀನಿ. ಯಾವ ದಂಡು, ಯಾವ ವರ್ಷ, ಏನೂ ಇಲ್ಲ. ಆದ್ರ ಹಿಂದಿನ ಮುಂದಿನ ಹೆಸರು ನೋಡಿ ಲೆಕ್ಕಾ ಹಾಕಿದ್ರ 1914ರಿಂದ 18ರ ಯುದ್ಧಕ್ಕ ಬರೋಬರಿ ಕುಂದರತೈತಿ.

ಈ ಹೆಳವರ ಪುಸ್ತಕ ನಮಗ ದೊಡ್ಡ ಆಸ್ತಿ, ಇಂಗ್ಲೀಷರ ಯಾವ ದಫ್ತರದಾಗೂ ಹತ್ತು ಹನ್ನೆರಡು ತಲಿಮಾರು ಒಂದ ಕಡೆ ಸಿಗಂಗಿಲ್ಲ. ಆದ್ರ ಅದರಾಗ ಹೆಣ್ಣಮಕ್ಕಳು ಇಲ್ರಿ. ಗಂಡು ಹುಟ್ಟಿದ್ರ ಟೊಂಗಿ ಮುಂದ ಹೋಗತೈತಿ, ಮಕ್ಕಳಿಲ್ಲದಾಂವ ಸತ್ರ ಅಲ್ಲಿಗೆ ಕಡೀತು, ಅವನ ಹೆಂಡ್ತಿ ಯಾರು ಎಲ್ಲಿಂದ ಬಂದ್ಲು ಅನ್ನೂದಕ್ಕ ಜಾಗಾನ ಇಲ್ಲ. ಸರಕಾರಕ್ಕ ಪೆನ್ಶನ್ ಕೊಡೂ ಸಲುವಾಗಿ ಆದ್ರೂ ಆಕಿ ಹೆಸರು ಬರಕೊಳ್ಳೂ ಗರಜಿತ್ತು, ಮನಿಯವರಿಗೆ ಗರಜ ಇರಲಿಲ್ಲ. ಹಿಂಗ ಹೇಳಿದ್ರ ನಮ್ಮ ದೊಡ್ಡಪ್ಪಗ ಸಿಟ್ಟ ಬಂತು, ಬರಲಿ. ನಾ ಅಂತೂ ಕಳದ ಸುಗ್ಗಿಗೆ ಹೆಳವಪ್ಪಗ ನಮ್ಮ ಅಕ್ಕ ತಂಗಿ ಹೆಸರೂ ಬರಕೋ ಅಂದೆ. ಆತ ಸ್ವಲ್ಪ ತಡದು, ನಕ್ಕು, ಬರಕೊಂಡ.

ಚಿಕ್ಕೋಡಿ ಹುಡುಗ
ನಮ್ಮ ಕಡೆನೂ ಬರತಿದ್ರಂತ್ರಿ ಹೆಳವರು, ಕಾಕಾನ ಕಾಲಕ್ಕ ನಿಂತೈತಿ. ಇನ್ನ ಒಂದು ಕೇಳೂದಿತ್ತು, ಮುತ್ಯಾನ ಸೋದರಮಾವನೂ ಫೌಜಿನ್ಯಾಗಿದ್ದ, ಆತ ಜೀವಂತ ಹೊಳ್ಳಿ ಬಂದಾಂವ, ಆತನ ಹೆಸರು ಆ ವೆಬ್‌ಸೈಟಿನ್ಯಾಗ ಬರವಲ್ದು.

ಮಾಜಿ ಹವಾಲ್ದಾರ
ಬರಂಗಿಲ್ಲ. ಅದು ಸತ್ತವರ ಪಟ್ಟಿ. ಎರಡನೇ ಯುದ್ಧಕ್ಕ ಹೋದವರು ಸುಮಾರು ಇಪ್ಪತ್ತೈದು ಲಕ್ಷ, ಸತ್ತವರು ಎಂಬತ್ತೇಳು ಸಾವಿರದ ಆಸುಪಾಸು, ಉಳದವರೆಲ್ಲಾ ಬದುಕಿ ಬಂದು ಹೊಲ ಮಾಡಿದವರು. ಅವರನ್ನ ಹುಡಕೂದ ಕಠಿಣ. ಯುದ್ಧ ಮುಗದ ಕೂಡಲೆ ಮನಿಗೆ ಕಳಿಸಿದವರಿಗೆ ಪೆನ್ಶನ್ ಇರಲಿಲ್ಲ, ಪೆನ್ಶನ್ ಇಲ್ಲದವರ ಕಾಗದ ರೆಕಾರ್ಡ್ ಆಫೀಸಿನ್ಯಾಗ ಇಪ್ಪತ್ತೈದು ವರ್ಷದ ಮ್ಯಾಲ ಇಡೂ ಕಾಯ್ದೆ ಇಲ್ಲ. ಆದ್ರೂ ಒಂದು ಅರ್ಜಿ ಹಾಕು, ನಂಬರ್, ರ‍್ಯಾಂಕ್, ಹೆಸರು, ಊರು, ನೀ ಏನಾಗಬೇಕು ಅನ್ನೂದು ಬರಿ, ವಂಶಾವಳಿ ಪ್ರಮಾಣಪತ್ರದ ನಕಲು ಹಚ್ಚು. ಅದಕ್ಕಿಂತ ಮೊದಲ ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆ ಆಫೀಸಿನ್ಯಾಗ ವಿಚಾರಿಸು. ಎರಡನೇ ಯುದ್ಧದ ಮಾಜಿ ಸೈನಿಕರಿಗೆ, ಅವರ ವಿಧವೆಯರಿಗೆ ರಾಜ್ಯ ಸರಕಾರ ತಿಂಗಳಾ ತಿಂಗಳಾ ಸಹಾಯಧನ ಕೊಟ್ಟೈತಿ, ಆತ ಅಥವಾ ಆತನ ಹೆಂಡ್ತಿ ಒಮ್ಮೆ ಅರ್ಜಿ ಹಾಕಿದ್ರೂ ಡಿಸ್ಚಾರ್ಜ್ ಬುಕ್ಕಿನ ನಕಲು ಫೈಲಿನ್ಯಾಗ ಇರತೈತಿ. ಆಫ್ರಿಕಾದ ಲಿಬಿಯಾದೊಳಗಿನ ಟೊಬ್ರುಕ್‌ನ್ಯಾಗ 1942ರ ಜೂನಿಗೆ ಮರಾಠಾ ಎರಡನೇ ಬೆಟಾಲಿಯನ್ ಪೂರಾ ಕೈದಿ ಆತು, ಹಂಗ ಯಾರರ ಕೈದಿ ಆಗಿದ್ರ ಜಿನೀವಾದ ರೆಡ್ ಕ್ರಾಸ್‌ನವರಿಗೂ ಬರೀಬಹುದು. ಮನ್ಯಾಗ ಮಾತು ಹೆಂಗಿತ್ತು, ಆಫ್ರಿಕಾ ಅಂತ ಇತ್ತೇನು?

ಚಿಕ್ಕೋಡಿ ಹುಡುಗ
ಮಾತು ಏನಂದ್ರ ಆತಗ ಸೇವಿಗಿ ನೋಡಿದ್ರ ಆಗತಿರಲಿಲ್ಲಂತ್ರಿ, ಹಬ್ಬಕ್ಕ ಮಾಡಿದ್ರ ತಾಟು ಬಿಟ್ಟು ಏಳತಿದ್ದ. ನಾವೆಲ್ಲಾ ನಗತಿದ್ವಿ.

ಮಾಜಿ ಹವಾಲ್ದಾರ
ಸೇವಿಗಿಯಂಥಾ ಪಾಸ್ತಾ, ಇಟಲಿಯ ಕೈದಿ ಕ್ಯಾಂಪಿನ ಊಟ ಇರಬಹುದು, ಆದ್ರ ಬರೇ ಅದರ ಮ್ಯಾಲ ಹೇಳಾಕ ಬರಂಗಿಲ್ಲ. ಅವೆಜ್ಜಾನೋ ಅಂತ ಒಂದು ಊರಾಗ ಭಾರತೀಯ ಕೈದಿಗಳ ದೊಡ್ಡ ಕ್ಯಾಂಪಿತ್ತು. ಆ ಹೆಸರು ಹಿರ್ಯಾರ ಮುಂದ ಒಮ್ಮೆ ಹೇಳಿ ನೋಡು, ಯಾರರ ಕಿವಿ ನೆಟ್ಟಗ ಮಾಡ್ತಾರೇನು ನೋಡೂನು.

ನೇರ ಮಾತು
ನಾ ಮೊದಲ ಕೇಳಿದ್ದಕ್ಕ ಉತ್ತರ ಯಾರೂ ಪೂರಾ ಕೊಡಲಿಲ್ಲ ಬಿಡ್ರಿ, ಆದ್ರ ನಮ್ಮೂರ ಚಾವಡಿ ಗ್ವಾಡಿಯೊಳಗ ಒಂದು ಸಣ್ಣ ಬಿಳಿ ಕಲ್ಲು ಐತಿ, ಈ ಊರಿಂದ ಇಷ್ಟು ಮಂದಿ ಮಹಾಯುದ್ಧಕ್ಕ ಹೋದ್ರು 1914–1919 ಅಂತ ಇಂಗ್ಲೀಷಿನ್ಯಾಗ, ಸಣ್ಣಾಂವ ಇದ್ದಾಗ ಅದಕ್ಕ ವಿಕೆಟ್ ಅಂತ ಬಾಲ್ ಹೊಡೀತಿದ್ವಿ. ಅಂಕಿ ಐತಿ, ಹೆಸರಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಫೋಟೋ ತಗದು ಹಾಕತೀನಿ, ನೀವು ಹುಡುಕಾವ್ರು ಅದೀರಲ್ಲ, ಹುಡುಕ್ರಿ.

ಜವಾರಿ ಮಂದಿ
ಹಾಕ್ರಿ ಹಾಕ್ರಿ. ಬಣ್ಣಾ ಬಳದಿದ್ರ ಕೆರಿಯಾಕ ಹೋಗಬ್ಯಾಡ್ರಿ ಮತ್ತ.

ಚಿಕ್ಕೋಡಿ ಹುಡುಗ
ಇವತ್ತು ಹೊಸಾ ತಾಪತ್ರಯ. ವಂಶಾವಳಿಯೊಳಗ ದೊಡ್ಡಾಯಿ ಹೆಸರು ಹಾಕತೀನಿ ಅಂದೆ, ಅಷ್ಟಕ್ಕ ಕಾಕಾ ಮೂರು ದಿನದ ಕುಣಿತ ಬಿಟ್ಟು ಗಂಭೀರ ಆಗ್ಯಾನ. ಆಕಿ ತವರಮನಿಯವರು ನಾಳೆ ಬಂದು ಹೊಲದಾಗ ಪಾಲು ಕೇಳಿದ್ರ ಯಾರು ಜವಾಬ್ದಾರಿ, ಸುಮ್ಮ ಗಂಡನ ಹೆಸರಷ್ಟ ಹಾಕು ಅಂತ. ತಲಾಟಿ ಮಗ ಅಣ್ಣಾರ, ನೀವ ಹೇಳ್ರಿ.

ತಲಾಟಿ ಮಗ
ಕಾಕಾಗ ಹೇಳು, ಮನ್ಯಾಗ ಬರದಿಟ್ಟ ಪಟ್ಟಿಗೂ ಉತಾರಕ್ಕೂ ಸಂಬಂಧಿಲ್ಲ, ಹಾಳಿ ಮ್ಯಾಲ ಹೆಸರು ಬರದ್ರ ಹೊಲ ಎದ್ದು ಹೋಗಂಗಿಲ್ಲ. ಆದ್ರ ಆ ಹೊಲದ ವಾರ್ಸಾ ಡೈರಿ ನಾ ಹೇಳಿದೆನಲ್ಲ, ಅದನ್ನ ತಗಸು. 43ರ ನಂತರದ ನೋಂದ ನೋಡು, ಆಕಿ ಹೆಸರು ವಾರಸದಾರಳು ಅಂತ ಬಂದಿತ್ತೇನು, ಬಂದಿದ್ರ ಹೆಂಗ ಹೋತು, ಹೆಬ್ಬಟ್ಟು ಯಾರದೈತಿ ಅಂತ. ನಿಮ್ಮ ಕಾಕಾ ಅಂಜೂದು ನೋಡಿದ್ರ ಆತಗ ಏನರ ಗೊತ್ತಿರಬೇಕು.